ಎಸಿ ತಂಪು ತಯಾರಿಸಲ್ಲ, ಬಿಸಿ ಹೊರುತ್ತೆ

(ಚಾನೆಲ್‌ನಲ್ಲಿ ಆಡಿದ ಮಾತಿನ ಬರಹರೂಪ ಇದು. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ವಾಕ್ಯಗಳನ್ನು ಸರಿಮಾಡಿದ್ದೇವೆ.)



ನಾನಿರೋದು ಹೈದರಾಬಾದಿನಲ್ಲಿ. ಮೇ ಕೊನೆಯ ವಾರ ಬಂತು ಅಂದ್ರೆ ಇಲ್ಲಿನವರು ‘ರೋಹಿಣಿ ಕಾರ್ತೆ’ ಅಂತಾರೆ. ಆ ಬಿಸಿಲಿಗೆ ಒರಳುಕಲ್ಲೇ ಸೀಳಿಬಿಡುತ್ತೆ ಅಂತ ತೆಲುಗಿನಲ್ಲಿ ಗಾದೆ ಇದೆ. ಉತ್ತರದಲ್ಲಿ ಅದೇ ದಿನಗಳಿಗೆ ‘ನೌತಪಾ’ ಅಂತ ಹೆಸರು. ಚೆನ್ನೈನವರಿಗೆ ‘ಅಗ್ನಿ ನಕ್ಷತ್ರಂ’ ಮೇ ಮೊದಲ ವಾರದಲ್ಲೇ ಶುರು. ಈಗ ನಮ್ಮ ಊರ ಕಡೆ ನೋಡಿ. ಅದೇ ರೋಹಿಣಿ ನಮಗೆ ಮಳೆ ನಕ್ಷತ್ರ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಅಂತೀವಿ. ಒಂದೇ ನಕ್ಷತ್ರ, ಅಲ್ಲಿ ಬಿತ್ತನೆ ಲೆಕ್ಕ, ಇಲ್ಲಿ ಬಿಸಿಲಿನ ಲೆಕ್ಕ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರು ಬೇಸಿಗೆಯನ್ನ ಹೊಸದಾಗಿ ಕಲಿಯಬೇಕಾಗುತ್ತೆ. ಆ ಕಲಿಕೆಯಲ್ಲಿ ಎಸಿ ಅನ್ನೋ ಯಂತ್ರವೂ ಸೇರಿಕೊಂಡಿದೆ.

ಇವತ್ತು ನಾನು ಹೇಳಬೇಕು ಅಂತಿರೋದು ಒಂದೇ ಮಾತು. ಎಸಿ ತಂಪನ್ನು ತಯಾರಿಸೋ ಯಂತ್ರ ಅಲ್ಲ. ಅದು ಹಮಾಲಿ. ಮನೆಯೊಳಗಿನ ಬಿಸಿಯನ್ನ ಬೆನ್ನ ಮೇಲೆ ಹೊತ್ತುಕೊಂಡು ಹೋಗಿ ಹೊರಗೆ ಇಳಿಸಿ ಬರುತ್ತೆ. ಈ ಒಂದು ಮಾತು ತಲೆಯಲ್ಲಿದ್ರೆ ರಿಪೇರಿಯವರು ಹೇಳೋದರಲ್ಲಿ ಯಾವುದು ನಿಜ, ಬಿಲ್ಲು ಯಾಕೆ ಏರುತ್ತೆ, ಮೇಲಿನ ಮಹಡಿ ಯಾಕೆ ತಣಿಯಲ್ಲ, ಮನೆಯಲ್ಲಿರೋ ಹಿರಿಯರನ್ನ ಹೇಗೆ ನೋಡಿಕೊಳ್ಳಬೇಕು, ಎಲ್ಲಾ ತಾನಾಗೇ ಅರ್ಥ ಆಗುತ್ತೆ.

ಒಂದು ಟನ್ ಅಂದ್ರೆ ಏನು?

ಎಸಿ ಅಂಗಡಿಗೆ ಹೋದ ತಕ್ಷಣ ಕೇಳೋ ಪ್ರಶ್ನೆ, “ಸರ್, ಒಂದು ಟನ್ನಾ, ಒಂದೂವರೆನಾ?” ಆ ಟನ್ ಎಸಿಯ ತೂಕ ಅಲ್ಲ. ಹಿಂದೆ ಕಟ್ಟಡಗಳನ್ನ ತಂಪು ಮಾಡೋಕೆ ಮಂಜುಗಡ್ಡೆ ಬಳಸ್ತಿದ್ರು. ಒಂದು ಅಮೆರಿಕನ್ ಟನ್, ಅಂದ್ರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತೋ ಅದೇ ಒಂದು ಟನ್. ನಮ್ಮ ಲೆಕ್ಕದಲ್ಲಿ ಸುಮಾರು 3.5 ಕಿಲೋವ್ಯಾಟ್. ಒಂದೂವರೆ ಟನ್ ಅಂದ್ರೆ 5 ಕಿಲೋವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ.

ಈಗ ಸಣ್ಣ ಲೆಕ್ಕ. ಮನೆಯೊಳಗಿಂದ 5 ಕಿಲೋವ್ಯಾಟ್ ಬಿಸಿ ಎತ್ತೋಕೆ ಎಸಿ ಸುಮಾರು ಒಂದೂವರೆ ಕಿಲೋವ್ಯಾಟ್ ಕರೆಂಟ್ ತಿನ್ನುತ್ತೆ. ಆ ಕರೆಂಟೂ ಕೊನೆಗೆ ಬಿಸಿಯೇ ಆಗೋದು. ಹಾಗಾಗಿ ಹೊರಗಿನ ಯೂನಿಟ್ ಬಾಲ್ಕನಿಯಲ್ಲಿ ಆರೂವರೆ ಕಿಲೋವ್ಯಾಟ್ ಬಿಸಿ ಸುರಿಯುತ್ತೆ. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಗೊತ್ತಲ್ಲ? ಅಂಥ ಮೂರು ಗೀಸರ್ ಒಟ್ಟಿಗೆ ಉರಿದಷ್ಟು. ಇದನ್ನ ನೆನಪಲ್ಲಿಡಿ, ಮುಂದೆ ಎರಡು ಕಡೆ ಬೇಕಾಗುತ್ತೆ.

ಇನ್ನೊಂದು ವಿಷಯ. ಡಬ್ಬದ ಮೇಲೆ ಬರೆದಿರೋ ಸಾಮರ್ಥ್ಯವನ್ನ ಹೊರಗೆ 35 ಡಿಗ್ರಿ ಇದ್ದಾಗ ಅಳೆದಿರ್ತಾರೆ. ಹೊರಗೆ 42 ಡಿಗ್ರಿ ಆದಾಗ ಹಮಾಲಿ ಹೊರೆಯನ್ನ ಇನ್ನೂ ಎತ್ತರದ ಅಟ್ಟಕ್ಕೆ ಏರಿಸಬೇಕು. ಹೊರೋದು ಕಡಿಮೆ ಆಗುತ್ತೆ, ಕೂಲಿ ಜಾಸ್ತಿ ಆಗುತ್ತೆ. ಮೇ ತಿಂಗಳ ಮಧ್ಯಾಹ್ನ “ಎಸಿ ಎಳೀತಾ ಇಲ್ಲ” ಅಂತ ಅನ್ನಿಸೋದಕ್ಕೆ ಎಷ್ಟೋ ಸಲ ಇದೊಂದೇ ಕಾರಣ. ಯಂತ್ರ ಕೆಟ್ಟಿರಲ್ಲ.

“ಗ್ಯಾಸ್ ಖಾಲಿ ಆಗಿದೆ ಸರ್”

ಈ ಮಾತು ಕೇಳದೇ ಇರೋ ಮನೆ ಭಾರತದ ಯಾವ ನಗರದಲ್ಲೂ ಇರಲಿಕ್ಕಿಲ್ಲ. ಎಸಿ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸ್ ಥರ ಉರಿದು ಮುಗಿಯೋದಲ್ಲ. ತಾಮ್ರದ ಕೊಳವೆಯೊಳಗೆ ಭದ್ರವಾಗಿ ಮುಚ್ಚಿ ಸುತ್ತು ಹೊಡೀತಾ ಇರುತ್ತೆ. ಹತ್ತು ವರ್ಷ ಆದ್ರೂ ಅಷ್ಟೇ ಇರಬೇಕು. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಸೋರಿದೆ ಅಂತ ಅರ್ಥ. ಸೋರೋ ಕೊಡಕ್ಕೆ ಮತ್ತೆ ಮತ್ತೆ ನೀರು ತುಂಬಿಸಿ ದುಡ್ಡು ಕೊಡೋದು ಯಾವ ನ್ಯಾಯ?

ಎರಡು ವರ್ಷದ ಹಿಂದೆ ನಮ್ಮ ಮನೆಗೂ ಒಬ್ಬರು ಬಂದಿದ್ರು. ಎರಡು ನಿಮಿಷ ಕೈಯಿಟ್ಟು ನೋಡಿ, “ಗ್ಯಾಸ್ ಕಡಿಮೆ, 3,000 ಆಗುತ್ತೆ” ಅಂದ್ರು. ನಾನು ಮೂರೇ ಪ್ರಶ್ನೆ ಕೇಳಿದೆ. ಎಲ್ಲಿ ಸೋರಿದೆ? ಎಷ್ಟು ಗ್ರಾಂ ಕಡಿಮೆ ಇದೆ? ತುಂಬಿಸೋ ಮುಂಚೆ ವ್ಯಾಕ್ಯೂಮ್ ಪಂಪ್ ಹಾಕ್ತೀರಾ? ಅವರು ನಕ್ಕು, “ಮೊದಲು ಹೊರಗಿನದು ತೊಳೆದು ನೋಡೋಣ ಸರ್” ಅಂದ್ರು. ತೊಳೆದ್ರು. ಕಾಯಿಲ್ ತುಂಬಾ ಪಾರಿವಾಳದ ಪುಕ್ಕ, ಪಕ್ಕದ ಕಟ್ಟಡ ಕೆಲಸದ ಧೂಳು. ಅವತ್ತು ಸಂಜೆಯಿಂದ ಎಸಿ ಸರಿಹೋಯ್ತು. ಬಿಲ್ಲು 600.

ಆ ಮೂರು ಪ್ರಶ್ನೆ ನಿಮಗೂ ಬರಲಿ. ನಿಜವಾಗಿಯೂ ಸೋರಿಕೆ ಇದ್ರೆ ಕೆಲಸದ ಕ್ರಮ ಹೀಗೆ: ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರುತ್ತೆ ಅಂತ ಹುಡುಕಬೇಕು, ಬೆಸುಗೆ ಹಾಕಬೇಕು, ನೈಟ್ರೋಜನ್ ತುಂಬಿಸಿ ಒತ್ತಡ ನಿಲ್ಲುತ್ತಾ ನೋಡಬೇಕು, ಪಂಪ್ ಹಾಕಿ ಒಳಗಿನ ಗಾಳಿ ಮತ್ತು ತೇವ ಎಳೆದು ತೆಗೀಬೇಕು, ಆಮೇಲೆ ಯಂತ್ರದ ಪಟ್ಟಿಯ ಮೇಲೆ ಬರೆದಿರುವಷ್ಟೇ ಗ್ರಾಂ ಗ್ಯಾಸನ್ನ ತಕ್ಕಡಿ ಇಟ್ಟು ತೂಗಿ ಹಾಕಬೇಕು. ನೈಟ್ರೋಜನ್ ಬದಲು ಆಕ್ಸಿಜನ್ ಸಿಲಿಂಡರ್ ಹಚ್ಚೋಕೆ ಬಂದ್ರೆ ಅಲ್ಲೇ ನಿಲ್ಲಿಸಿ. ಒಳಗಿರೋ ಎಣ್ಣೆಗೆ ಒತ್ತಡದ ಆಕ್ಸಿಜನ್ ತಾಗಿದ್ರೆ ಸ್ಫೋಟ ಆಗುತ್ತೆ. ಈಗಿನ ಎಸಿಗಳಲ್ಲಿ ಹೆಚ್ಚಾಗಿ ಇರೋ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವಂಥದ್ದು. ಅದಕ್ಕೇ ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆಗೆದಿಡಿ, ದೇವರ ದೀಪವನ್ನೂ ಹಚ್ಚಬೇಡಿ.

ಮುಂಬೈ, ಚೆನ್ನೈನವರಿಗೆ ಒಂದು ಮಾತು. ಸಮುದ್ರದ ಉಪ್ಪುಗಾಳಿ ಕಾಯಿಲನ್ನ ತಿಂದುಹಾಕುತ್ತೆ. ನಿಮ್ಮಲ್ಲಿ ಸೋರಿಕೆ ನಿಜವಾಗಿಯೂ ಇರೋ ಸಾಧ್ಯತೆ ನಮಗಿಂತ ಹೆಚ್ಚು. ಹೊರಗಿನ ಯೂನಿಟ್ಟನ್ನ ಆಗಾಗ ಸಿಹಿನೀರಲ್ಲಿ ತೊಳೆಸಿ.

ಫೋನ್ ಮಾಡೋ ಮುಂಚೆ

ನನ್ನದು ಸಾಫ್ಟ್‌ವೇರ್ ಕೆಲಸ. ಏನಾದ್ರೂ ಕೆಟ್ಟಾಗ ಅಗ್ಗದ ಕಾರಣದಿಂದ ಶುರು ಮಾಡಿ ದುಬಾರಿ ಕಾರಣಕ್ಕೆ ಹೋಗೋದು ನಮ್ಮ ಅಭ್ಯಾಸ. ಎಸಿಗೂ ಅದೇ ಸರಿ.

ಮೊದಲು ರಿಮೋಟ್. ‘ಕೂಲ್’ ಬದಲು ‘ಫ್ಯಾನ್’ ಮೋಡಿನಲ್ಲಿ ಇದೆಯಾ ನೋಡಿ. ಮಕ್ಕಳಿರೋ ಮನೆಯಲ್ಲಿ ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತೆ.

ಎರಡನೆಯದು ಫಿಲ್ಟರ್. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿದು ತೊಳೀರಿ, ನೆರಳಲ್ಲಿ ಒಣಗಿಸಿ. ಫಿಲ್ಟರ್ ಕಟ್ಟಿದ್ರೆ ಒಳಗಿನ ಕಾಯಿಲ್‌ಗೆ ಗಾಳಿ ಸಿಗಲ್ಲ, ಮಂಜು ಕಟ್ಟುತ್ತೆ. ಮಂಜು ಕಂಡ್ರೆ ‘ಎಷ್ಟು ತಂಪು!’ ಅಂತ ಖುಷಿಪಡೋ ಹಾಗಿಲ್ಲ, ಅದು ಕಾಯಿಲೆಯ ಲಕ್ಷಣ. ಆರಿಸಿ, ಕರಗೋಕೆ ಬಿಡಿ. ಫಿಲ್ಟರ್ ಶುದ್ಧ ಇದ್ದೂ ಮತ್ತೆ ಮಂಜು ಕಟ್ಟಿದ್ರೆ ಆಗ ಗ್ಯಾಸ್ ಬಗ್ಗೆ ಅನುಮಾನ ಪಡಬಹುದು.

ಮೂರನೆಯದು ಹೊರಗಿನ ಫ್ಯಾನ್. ತಿರುಗ್ತಾ ಇದೆಯಾ? ಗುಂಯ್ ಅಂತ ಸದ್ದು ಮಾತ್ರ ಬಂದು ತಿರುಗದೇ ಇದ್ರೆ ಹಳೇ ಎಸಿಗಳಲ್ಲಿ ಬಹಳ ಸಲ ಕೆಪಾಸಿಟರ್ ಹೋಗಿರುತ್ತೆ, ಚಿಕ್ಕ ಖರ್ಚು. ಇನ್ವರ್ಟರ್ ಎಸಿಯಲ್ಲಿ ಬೋರ್ಡ್ ಸುಟ್ಟಿರಬಹುದು, ಅದು ದೊಡ್ಡ ಖರ್ಚು. ಬೆಚ್ಚಗಿದೆ ಅಂತ ಹಲ್ಲಿ ಒಳಗೆ ಹೊಕ್ಕು ಬೋರ್ಡ್ ಶಾರ್ಟ್ ಆಗೋದೂ ಉಂಟು. ಕೊಳವೆ ಹಾದುಹೋಗೋ ರಂಧ್ರಗಳನ್ನ ಮುಚ್ಚಿಸಿಬಿಡಿ. ಆದರೆ ಯಂತ್ರದ ಕವರ್ ನೀವೇ ತೆಗೆಯೋಕೆ ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತೆ.

ನಾಲ್ಕನೆಯದು, ಹೊರೆ ಇಳಿಸೋ ಜಾಗ. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಕಿರಿದಾದ ಡಕ್ಟ್‌ನಲ್ಲಿ ಹತ್ತಾರು ಯೂನಿಟ್ ಮೇಲೆ ಮೇಲೆ ಕೂರಿಸ್ತಾರೆ. ಒಬ್ಬರು ಬಿಟ್ಟ ಬಿಸಿಗಾಳಿಯನ್ನೇ ಮೇಲಿನವರ ಯಂತ್ರ ಮತ್ತೆ ಎಳ್ಕೊಳ್ಳುತ್ತೆ. ನಾವೂ ಕಡಿಮೆಯೇನಿಲ್ಲ, ಯೂನಿಟ್ ಮುಂದೆ ಬಟ್ಟೆ ಒಣಗಿಸೋ ಸ್ಟ್ಯಾಂಡು, ಹಳೇ ಸೂಟ್‌ಕೇಸು ಇಟ್ಟಿರ್ತೀವಿ. ಮೂರು ಗೀಸರಿನಷ್ಟು ಬಿಸಿ ಹೊರಗೆ ಹೋಗೋಕೆ ದಾರಿ ಬೇಕಲ್ಲ?

ಇಷ್ಟಾದ ಮೇಲೆ ಒಂದು ಸಣ್ಣ ಪರೀಕ್ಷೆ. ಅಗ್ಗದ ಡಿಜಿಟಲ್ ಥರ್ಮಾಮೀಟರ್ ತಗೊಂಡು, ಎಸಿ ಕಾಲು ಗಂಟೆ ಓಡಿದ ಮೇಲೆ ಒಳಗೆ ಹೋಗೋ ಗಾಳಿ ಮತ್ತು ಹೊರಗೆ ಬರೋ ಗಾಳಿ ಎರಡನ್ನೂ ಅಳೆಯಿರಿ. 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ರೆ ಸಾಮಾನ್ಯವಾಗಿ ಯಂತ್ರ ಆರೋಗ್ಯವಾಗಿದೆ. ರೂಮು ಆದ್ರೂ ತಣಿಯದೇ ಇದ್ರೆ ಹೊರೆ ಜಾಸ್ತಿ ಆಗಿದೆ, ಅಷ್ಟೇ. ರಿಪೇರಿಯವರಿಗೆ ಫೋನ್ ಮಾಡುವಾಗ ಆ ಎರಡು ಸಂಖ್ಯೆ ಹೇಳಿ. ಮಾತಿನ ಧಾಟಿಯೇ ಬದಲಾಗುತ್ತೆ.

ಊರಿಗೊಂದು ಸೆಕೆ

ಎಂಟೆಕ್ ಓದುವಾಗ ಎರಡು ಬೇಸಿಗೆ ಚೆನ್ನೈನ ಹಾಸ್ಟೆಲಿನಲ್ಲಿ ಕಳೆದವನು ನಾನು. ಅಲ್ಲಿ 36 ಡಿಗ್ರಿ ಇದ್ದ ದಿನ ಪಟ್ಟ ಪಾಡು ಹೈದರಾಬಾದಿನ 41ರಲ್ಲಿ ಪಟ್ಟಿಲ್ಲ. ಕಾರಣ ಗಾಳಿಯಲ್ಲಿರೋ ತೇವ. ಬೆವರು ಹರಿದ್ರೆ ಮೈ ತಣಿಯಲ್ಲ, ಆರಿದ್ರೆ ತಣಿಯುತ್ತೆ. ಗಾಳಿ ಈಗಾಗಲೇ ತೇವದಿಂದ ತುಂಬಿದ್ರೆ ಬೆವರು ಆರೋದು ಎಲ್ಲಿಗೆ?

ಕೂಲರ್ ಲೆಕ್ಕವೂ ಇದೇ. ಹೈದರಾಬಾದ್, ದೆಹಲಿಯಲ್ಲಿ 41 ಡಿಗ್ರಿ, ಗಾಳಿಯ ತೇವ ಶೇಕಡ 20 ಇರೋ ಮಧ್ಯಾಹ್ನ ಒಳ್ಳೆ ಕೂಲರ್ 27 ಡಿಗ್ರಿ ಆಸುಪಾಸಿನ ಗಾಳಿ ಕೊಡಬಲ್ಲದು, ಅದೂ ಬಹಳ ಕಡಿಮೆ ಕರೆಂಟಿನಲ್ಲಿ. ಲಾವಂಚದ ತಟ್ಟಿಗೆ ನೀರು ಚಿಮುಕಿಸ್ತಿದ್ದ ಹಳೇ ಉಪಾಯದ ಮೊಮ್ಮಗ ಅದು. ಅದೇ ಕೂಲರನ್ನ ಚೆನ್ನೈನ 36 ಡಿಗ್ರಿ, ಶೇಕಡ 60 ತೇವದಲ್ಲಿ ಇಟ್ರೆ 30ಕ್ಕಿಂತ ಕೆಳಗೆ ಇಳಿಯಲ್ಲ. ಮೇಲಾಗಿ ಕೋಣೆಯೆಲ್ಲಾ ಉಗಿಯಲ್ಲಿ ಬೆಂದ ಇಡ್ಲಿ ಪಾತ್ರೆ ಥರ ಆಗುತ್ತೆ. ಒಣ ಊರಿನವರು ಕೂಲರ್ ಹಾಕಿದಾಗ ಕಿಟಕಿ ತೆರೆದಿಡಿ. ಎಸಿ ಜೊತೆ ಕೂಲರ್ ಮಾತ್ರ ಬೇಡವೇ ಬೇಡ. ಒಬ್ಬ ನೀರು ತುಂಬ್ತಾನೆ, ಇನ್ನೊಬ್ಬ ನೀರು ತೆಗೀತಾನೆ.

ಎಸಿ ನೀರು ತೆಗೆಯೋದು ಅಂದೆ ಅಲ್ವಾ? ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಮೊದಲ ಆಧುನಿಕ ಎಸಿ ವ್ಯವಸ್ಥೆ ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗದೇ ಇರಲಿ ಅಂತ. ಇವತ್ತಿಗೂ ಕರಾವಳಿ ಊರುಗಳಲ್ಲಿ ಎಸಿಯ ದೊಡ್ಡ ಕೆಲಸ ಅದೇ. ನಿಮ್ಮ ಎಸಿಯ ಪೈಪಿನಿಂದ ಗಂಟೆಗೆ ಎರಡು ಲೀಟರ್ ನೀರು ಬೀಳ್ತಾ ಇದ್ರೆ, ಒಂದೂವರೆ ಟನ್ ಯಂತ್ರದ ಶಕ್ತಿಯಲ್ಲಿ ಹತ್ತಿರಹತ್ತಿರ ಕಾಲು ಭಾಗ ಆ ನೀರನ್ನ ಹಿಂಡೋಕೇ ಖರ್ಚಾಗಿದೆ ಅಂತ ಲೆಕ್ಕ. ಹಾಗಾಗಿ ಎಸಿ ಹಾಕಿದ ಮೇಲೆ ಬಾಲ್ಕನಿ ಬಾಗಿಲು ತೆಗೆದು ತೆಗೆದು ಮುಚ್ಚೋದು, ಅದೇ ಕೋಣೆಯಲ್ಲಿ ಬಟ್ಟೆ ಒಣಗಿಸೋದು ಬೇಡ. ಸೆಕೆ ಜಾಸ್ತಿ, ಬಿಸಿ ಕಡಿಮೆ ಇರೋ ದಿನಗಳಲ್ಲಿ ‘ಡ್ರೈ’ ಮೋಡ್ ಬಳಸಿ.

ಹೊರೆಯನ್ನೇ ಇಳಿಸೋಣ

ಹಮಾಲಿಗೆ ಬೈಯೋ ಮುಂಚೆ ಮೂಟೆ ಹಗುರ ಮಾಡಬೇಕು. ಮೇಲಿನ ಮಹಡಿಯಲ್ಲಿರೋರಿಗೆ ಅತಿ ದೊಡ್ಡ ಮೂಟೆ ತಲೆ ಮೇಲಿನ ಕಾಂಕ್ರೀಟ್ ಸ್ಲ್ಯಾಬು. ಹಗಲೆಲ್ಲಾ ಬಿಸಿಲು ಕುಡಿದು, ಸಂಜೆಯಿಂದ ಮಧ್ಯರಾತ್ರಿವರೆಗೂ ಒಳಗೆ ಕಕ್ಕುತ್ತೆ. ತಾರಸಿಗೆ ಬಿಳಿ ಬಳಿಸೋದು ಇದಕ್ಕೆ ಅಗ್ಗದ ಮದ್ದು. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೇ ಅಂತ ‘ಕೂಲ್ ರೂಫ್’ ನೀತಿ ತಂದಿದೆ. ಬಿಸಿಲು ಪ್ರತಿಫಲಿಸೋ ಬಣ್ಣ ಸಿಗುತ್ತೆ, ಸುಣ್ಣವೂ ನಡೆಯುತ್ತೆ. ಸೊಸೈಟಿ ಮೀಟಿಂಗಿನಲ್ಲಿ ಏಪ್ರಿಲ್‌ಗೆ ಮುಂಚೆಯೇ ಮಾತೆತ್ತಿ.

ಪಶ್ಚಿಮದ ಕಿಟಕಿಗೆ ಪರದೆಯನ್ನ ಒಳಗೆ ಹಾಕೋದಕ್ಕಿಂತ ಹೊರಗೆ ಹಾಕೋದು ಮೇಲು. ಬಿಸಿಲು ಗಾಜು ದಾಟಿದ ಮೇಲೆ ತಡೆದ್ರೆ ಪರದೆಯೇ ಕಾದು ಒಳಗೆ ಬಿಸಿ ಬಿಡುತ್ತೆ. ಬಿದಿರಿನ ತಟ್ಟಿ, ಹಸಿರು ನೆರಳುಬಲೆ, ಯಾವುದಾದ್ರೂ ಸರಿ.

ಇನ್ನು ಡಿಗ್ರಿ. 2020ರ ಜನವರಿ 1ರಿಂದ ಸ್ಟಾರ್ ಲೇಬಲ್ ಇರೋ ಎಸಿಗಳು ಆನ್ ಮಾಡಿದಾಗ 24ಕ್ಕೆ ಶುರು ಆಗಬೇಕು ಅಂತ ನಿಯಮ ಇದೆ. ಒಂದೊಂದು ಡಿಗ್ರಿ ಏರಿಸಿದ್ರೆ ಸುಮಾರು ಶೇಕಡ 6ರಷ್ಟು ಕರೆಂಟ್ ಉಳಿಯುತ್ತೆ ಅನ್ನೋದು ಇಂಧನ ದಕ್ಷತಾ ಬ್ಯೂರೋ ಲೆಕ್ಕ. ಕಾದ ರೂಮಿಗೆ ಬಂದು 18ಕ್ಕೆ ಒತ್ತಿದ್ರೆ ಬೇಗ ತಣಿಯುತ್ತೆ ಅನ್ನೋದು ಭ್ರಮೆ. ರೂಮು 34 ಇದ್ದಾಗ 18 ಇಟ್ರೂ 25 ಇಟ್ರೂ ಕಂಪ್ರೆಸರ್ ಮೊದಲು ಪೂರ್ತಿ ದುಡಿಯುತ್ತೆ. 26 ಇಟ್ಟು ಸೀಲಿಂಗ್ ಫ್ಯಾನ್ ಸಣ್ಣಗೆ ಹಾಕಿ, ಮೈಗೆ 24ರಂತೆಯೇ ಅನ್ನಿಸುತ್ತೆ.

“ನಮಗೇನ್ ಬಿಸಿಲು ಹೊಸದೇನ?”

ಈಗ ನಿಜವಾಗಿಯೂ ಹೇಳಬೇಕಾದ ಮಾತಿಗೆ ಬರ್ತೀನಿ. ಬೇಸಿಗೆ ರಜೆ ಅಂದ್ರೆ ಊರಿಂದ ಅಪ್ಪ ಅಮ್ಮ ಬರೋ ಕಾಲ. ನಮ್ಮದು ರಾಯಚೂರು. ಅಮ್ಮ ಇಲ್ಲಿಗೆ ಬಂದಾಗ ನಾವು ಆಫೀಸಿಗೆ ಹೋದ ತಕ್ಷಣ ಎಸಿ ಆರಿಸಿಬಿಡ್ತಾರೆ. ಕೇಳಿದ್ರೆ, “ರಾಯಚೂರಾಗ ಹುಟ್ಟಿದವ್ರಿಗೆ ಬಿಸಿಲು ಹೊಸದೇನೋ ತಮ್ಮಾ? ಸುಮ್ನೆ ಬಿಲ್ ಬರ್ತದ” ಅಂತಾರೆ.

ಅವರ ಮಾತಲ್ಲಿ ಸತ್ಯ ಇದೆ, ಆದರೆ ಆ ಸತ್ಯ ಊರಿನ ಮನೆಯದ್ದು. ಅಲ್ಲಿ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ರಾತ್ರಿ ಮೇಲೆ ಹಾಸಿಗೆ ಹಾಕಿದ್ರೆ ಗಾಳಿ. ಹಗಲು ಬೆಂದ ಮೈ ರಾತ್ರಿ ತಣಿಯೋದು. ಇಲ್ಲಿ ಐದನೇ ಮಹಡಿಯ ಸ್ಲ್ಯಾಬಿನ ಕೆಳಗೆ ಹಗಲೂ ತಣಿಯಲ್ಲ, ರಾತ್ರಿಯೂ ತಣಿಯಲ್ಲ. ಎರಡು ಮೂರು ರಾತ್ರಿ ಹೀಗೆ ಸತತವಾಗಿ ಕಳೆದ್ರೆ ಹೃದಯ, ಮೂತ್ರಪಿಂಡದ ಮೇಲೆ ಒತ್ತಡ ಕೂಡುತ್ತಾ ಹೋಗುತ್ತೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗೋದು ಕಡಿಮೆ, ಬೆವರೋದೂ ಕಡಿಮೆ. ಅಂದ್ರೆ ಮೈಯೊಳಗಿನ ಹಮಾಲಿಗೂ ವಯಸ್ಸಾಗಿದೆ. ಬಿಪಿಗೆ ನೀರು ಹೋಗಿಸೋ ಮಾತ್ರೆ ತಗೊಳ್ಳೋರು ಇನ್ನೂ ಹುಷಾರಾಗಿರಬೇಕು. ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಬೇಸಿಗೆಗೆ ಮುಂಚೆ ಡಾಕ್ಟರನ್ನ ಒಂದು ಮಾತು ಕೇಳಿ.

ಅಮ್ಮನ ಜೊತೆ ನಾನು ವಾದ ಮಾಡೋದು ಬಿಟ್ಟು ಲೆಕ್ಕ ತೋರಿಸಿದೆ. 27 ಡಿಗ್ರಿಗೆ ಇಟ್ಟು, ಫ್ಯಾನ್ ಜೊತೆಗೆ, ಮಧ್ಯಾಹ್ನ ನಾಲ್ಕು ಗಂಟೆ ಎಸಿ ಓಡಿದ್ರೆ ಮೀಟರಿನಲ್ಲಿ ಎಷ್ಟು ಯೂನಿಟ್ ಅಂತ ಅವರ ಕೈಲೇ ಬರೆಸಿದೆ. ಮೂರು ಚಿಲ್ಲರೆ ಬಂತು. “ಇಷ್ಟೇನಾ?” ಅಂದ್ರು. ಗಾಳಿ ನೇರ ಮೈಮೇಲೆ ಬೀಳದ ಹಾಗೆ ರೆಕ್ಕೆ ಮೇಲಕ್ಕೆ ತಿರುಗಿಸಿದ ಮೇಲೆ ಮೊಣಕಾಲು ನೋವಿನ ದೂರೂ ನಿಂತಿತು. ನಮ್ಮ ಹಿರಿಯರು ಎಸಿ ಬೇಡ ಅನ್ನೋದು ಹಟದಿಂದಲ್ಲ, ಮಕ್ಕಳ ದುಡ್ಡು ಉಳಿಸೋಕೆ. ಅದನ್ನ ತಿಳಿದು ಮಾತಾಡಬೇಕು.

ಕರೆಂಟ್ ಹೋದಾಗ ಏನು? ಒದ್ದೆ ಬಟ್ಟೆಯಿಂದ ಕುತ್ತಿಗೆ, ಕೈಕಾಲು ಒರೆಸಿ, ಕೆಳಗಿನ ಮಹಡಿಯ ಯಾರದಾದ್ರೂ ಮನೆಗೆ ಕರೆದುಕೊಂಡು ಹೋಗಿ. ಬಿಸಿಲು 40 ದಾಟಿದ ಒಣ ಹೊತ್ತಲ್ಲಿ ಒಣ ಮೈಗೆ ಬರೀ ಫ್ಯಾನ್ ಹಾಕಿದ್ರೆ ಅದು ಬಿಸಿಗಾಳಿ ತಿದಿ ಊದಿದ ಹಾಗೆ. ಮಜ್ಜಿಗೆ, ಗಂಜಿ, ಪಾನಕ ಕೊಡಿ. ಬೇಧಿ, ವಾಂತಿ ಆಗಿದ್ರೆ ಓಆರ್‌ಎಸ್. ಪೊಟ್ಟಣ ಇಲ್ಲದಿದ್ರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಬಿಸಿಲಲ್ಲಿ ಬಂದವರು ತೊದಲಿದ್ರೆ, ಗಲಿಬಿಲಿಗೊಂಡ್ರೆ, ಮೈ ಕೆಂಡದಂತೆ ಸುಡ್ತಾ ಇದ್ರೆ ಅದು ಸುಸ್ತಲ್ಲ, ಹೀಟ್ ಸ್ಟ್ರೋಕ್. ತಕ್ಷಣ ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಹಾಕಿ, 112 ಅಥವಾ ನಿಮ್ಮ ರಾಜ್ಯದಲ್ಲಿದ್ರೆ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಹೊತ್ತ ಬಿಸಿ ಎಲ್ಲಿಗೆ ಹೋಗುತ್ತೆ?

ಕೊನೆಯದಾಗಿ, ಆ ಮೂರು ಗೀಸರ್ ನೆನಪಿದೆಯಲ್ಲ? ನಮ್ಮ ಬಿಸಿಯನ್ನ ನಾವು ಇಳಿಸೋದು ಯಾರದ್ದೋ ಕಿಟಕಿ ಮುಂದೆ. ನಿಮ್ಮ ಯೂನಿಟ್ ಎದುರು ವಾಚ್‌ಮನ್ ಕುಟುಂಬದ ಕೋಣೆ ಇದ್ರೆ, ಇಸ್ತ್ರಿ ಅಂಗಡಿ ಇದ್ರೆ, ಅದನ್ನ ಬೇರೆ ಕಡೆ ತಿರುಗಿಸೋಕೆ ಆಗುತ್ತಾ ನೋಡಿ. ಹಾಗೇ ಎಸಿ ಸರಿ ಮಾಡೋಕೆ ಬರೋ ಹುಡುಗನ್ನೂ ಸ್ವಲ್ಪ ನೋಡಿ. ಮೇ ತಿಂಗಳ ಎರಡು ಗಂಟೆಯ ಬಿಸಿಲಲ್ಲಿ, ಬೆಲ್ಟ್ ಇಲ್ಲದೆ, ನಾಲ್ಕನೇ ಮಹಡಿಯ ಸಜ್ಜಾ ಮೇಲೆ ಒಂಟಿ ಕಾಲಲ್ಲಿ ನಿಂತಿರ್ತಾನೆ. ಅವನಿಗೆ ಬೆಳಗ್ಗೆ ಅಥವಾ ಸಂಜೆ ಬರೋಕೆ ಹೇಳಿ. ಬೆಲ್ಟ್ ಇಲ್ಲ ಅಂದ್ರೆ ಹೊರಗೆ ಇಳಿಯೋದು ಬೇಡ ಅನ್ನಿ.

ಇದಕ್ಕೆಲ್ಲಾ ಸುಲಭ ದಾರಿ, ಸರ್ವಿಸನ್ನ ಶಿವರಾತ್ರಿಗೇ ಮುಗಿಸಿಬಿಡೋದು. ಚಳಿ ‘ಶಿವ ಶಿವಾ’ ಅಂತ ಹೋಗೋ ಹೊತ್ತಿಗೆ ಎಸಿ ತೊಳೆಸಿ. ಆಗ ರೇಟೂ ಕಡಿಮೆ, ಹುಡುಗನಿಗೂ ಬಿಡುವು, ಬಿಸಿಲೂ ಇರಲ್ಲ. ಈ ವರ್ಷದ ಶಿವರಾತ್ರಿ ಕಳೆದುಹೋಗಿದ್ರೆ ಇವತ್ತು ಕನಿಷ್ಠ ಫಿಲ್ಟರ್ ತೊಳೀರಿ. ಆಮೇಲೆ ನಿಮ್ಮ ಬಿಲ್ಡಿಂಗಿನ ಕೊನೇ ಮಹಡಿಯಲ್ಲಿ ಒಬ್ಬರೇ ಇರೋ ಹಿರಿಯರು ಯಾರಿದ್ದಾರೆ ಅಂತ ನೆನಪು ಮಾಡಿಕೊಂಡು, ಮಧ್ಯಾಹ್ನ ಒಂದು ಸಲ ಬಾಗಿಲು ತಟ್ಟಿ ಮಾತಾಡಿಸಿ ಬನ್ನಿ.

ಎಲ್ಲರೂ ತಂಪಾಗಿರಿ.